ತಂಗಿ ಮನೆಗೆ 9 ಕಿಲೋಮೀಟರ್, ಮುಟ್ಟಲು 1 ಗಂಟೆ 40 ನಿಮಿಷ

ಪ್ರಶ್ನೆ: ನನಗೆ 61 ವರ್ಷ. ತಂಗಿಯ ಮನೆ ನಮ್ಮ ಮನೆಯಿಂದ 9 ಕಿಲೋಮೀಟರ್. ಇಪ್ಪತ್ತು ವರ್ಷದಿಂದ ಹೋಗಿ ಬರುತ್ತಿರುವ ದಾರಿ. ಯಾವಾಗಲೂ ನಮ್ಮ ಮನೆಯವರೇ ಕಾರು ಓಡಿಸುತ್ತಿದ್ದರು, ಈಗ ಅವರಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಕಳೆದ ತಿಂಗಳು ಒಂದು ಸಂಜೆ ನಾನೊಬ್ಬಳೇ ಹೊರಟೆ. ಅರ್ಧ ದಾರಿಯಲ್ಲಿ ರಸ್ತೆ ಅಗೆದಿದ್ದರು, ಬಳಸಿಕೊಂಡು ಹೋಗಿ ಎಂದು ಬೋರ್ಡು ಹಾಕಿದ್ದರು. ಅಲ್ಲಿಂದ ಮುಂದೆ ಎಲ್ಲ ಕಲಸಿಹೋಯಿತು. ಫೋನಿನ ಮ್ಯಾಪ್ ಹೇಳಿದಂತೆ ಹೋದರೆ ಒಂದೇ ಪೆಟ್ರೋಲ್ ಬಂಕಿನ ಮುಂದೆ ಮೂರು ಸಲ ಬಂದೆ. ನಾಚಿಕೆಯಾಗಿ ತಂಗಿಗೆ ಫೋನ್ ಮಾಡಲಿಲ್ಲ. ಕೊನೆಗೆ ಬಂಕಿನವರನ್ನೇ ಕೇಳಿಕೊಂಡು ಮುಟ್ಟಿದೆ. 25 ನಿಮಿಷದ ದಾರಿಗೆ 1 ಗಂಟೆ 40 ನಿಮಿಷ ಹಿಡಿಯಿತು. ‘ಹೆಂಗಸರಿಗೆ ದಿಕ್ಕೇ ಗೊತ್ತಾಗಲ್ಲ’ ಎಂದು ಮೊದಲು ನಕ್ಕ ಮಗ ಈಗ ‘ಅಮ್ಮ, ಇನ್ಮೇಲೆ ಕಾರು ಮುಟ್ಟಬೇಡ’ ಎನ್ನುತ್ತಿದ್ದಾನೆ. ನಮ್ಮ ತಾಯಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ನನಗೂ ಅದೇ ಶುರುವಾಯಿತೇ?

ಉತ್ತರ: ಮೊದಲು ನೇರ ಮಾತು. ನೀವು ಬರೆದಿರುವಷ್ಟರಲ್ಲಿ ಮರೆವಿನ ಕಾಯಿಲೆಯ ಗುರುತು ನನಗೆ ಕಾಣುತ್ತಿಲ್ಲ. ಪತ್ರ ಓದಿ ‘ಕಾಯಿಲೆ ಇಲ್ಲ’ ಎಂದು ಸರ್ಟಿಫಿಕೇಟ್ ಕೊಡಲು ಯಾವ ವೈದ್ಯರಿಗೂ ಆಗದು, ಹಾಗಾಗಿ ಒಂದೆರಡು ತಪಾಸಣೆಗೆ ಹೇಳುತ್ತೇನೆ. ಅದು ಆಮೇಲೆ. ನಿಮ್ಮ ಪತ್ರದಲ್ಲೇ ಒಂದು ಸಾಕ್ಷಿ ಇದೆ, ನೀವೇ ಅದನ್ನು ಗಮನಿಸಿಲ್ಲ: ‘ಒಂದೇ ಪೆಟ್ರೋಲ್ ಬಂಕಿನ ಮುಂದೆ ಮೂರು ಸಲ ಬಂದೆ.’

ಮೂರು ಸಲ ಎಂದು ಎಣಿಸಿದವರು ಯಾರು? ನೀವೇ. ಎರಡನೇ ಸಲ ಬಂದಾಗ ಇದು ಆಗಲೇ ನೋಡಿದ ಬಂಕು ಎಂದು ಗುರುತು ಹತ್ತಿತು. ಮೂರನೇ ಸಲ, ಇನ್ನು ಫೋನನ್ನು ನಂಬಿದರೆ ಆಗದು, ಕೇಳಬೇಕು ಎಂದು ತೀರ್ಮಾನಿಸಿದಿರಿ. ಕೇಳಿದಿರಿ, ಅವರು ಹೇಳಿದ ತಿರುವುಗಳನ್ನು ತಲೆಯಲ್ಲಿಟ್ಟುಕೊಂಡು ಮನೆ ಮುಟ್ಟಿದಿರಿ. ತಿಂಗಳು ಕಳೆದ ಮೇಲೆ ಅಷ್ಟನ್ನೂ ನಿಮಿಷದ ಲೆಕ್ಕ ಸಮೇತ ಬರೆದು ಕಳಿಸಿದ್ದೀರಿ. ಹೊಸ ನೆನಪು ಕೂರದ ಮಿದುಳು ಇಷ್ಟು ಕೆಲಸ ಮಾಡುವುದಿಲ್ಲ. ಮರೆವಿನ ಕಾಯಿಲೆಯವರು ನನ್ನ ಕೋಣೆಗೆ ಬಂದಾಗ ಕಥೆ ಹೇಳುವವರು ಸಾಮಾನ್ಯವಾಗಿ ಪಕ್ಕದ ಕುರ್ಚಿಯಲ್ಲಿರುತ್ತಾರೆ, ಮಗಳೋ ಹೆಂಡತಿಯೋ. ‘ಮೊನ್ನೆ ದಾರಿ ತಪ್ಪಿದ್ದರು ಡಾಕ್ಟ್ರೇ’ ಎಂದು ಅವರು ಅನ್ನುತ್ತಾರೆ. ‘ಹಾಗೇನೂ ಆಗಿಲ್ಲವಲ್ಲ’ ಎಂದು ರೋಗಿ ನಗುತ್ತಾರೆ. ನಿಮ್ಮ ಮನೆಯಲ್ಲಿ ಕಥೆ ಹೇಳುತ್ತಿರುವವರು ನೀವು.

ಎಷ್ಟು ಹೊತ್ತು ಅಲೆದಿರಿ ಎಂಬುದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಹೇಗೆ ತಪ್ಪಿತು, ತಪ್ಪಿದೆ ಎಂದು ಯಾವಾಗ ತಿಳಿಯಿತು, ತಿಳಿದ ಮೇಲೆ ಏನು ಮಾಡಿದಿರಿ, ನಾನು ಕೇಳುವುದು ಈ ಮೂರನ್ನೇ. ನಿಮ್ಮ ವಿಷಯದಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಒಳ್ಳೆಯ ಉತ್ತರ ಸಿಕ್ಕಿದೆ. ಉಳಿದದ್ದು ಮೊದಲನೆಯದು. ಗೊತ್ತಿರುವ ದಾರಿ ತಪ್ಪಿತು ಹೇಗೆ?

ಗೊತ್ತಿರುವ ದಾರಿ ಎನ್ನುತ್ತೀರಿ, ಇಪ್ಪತ್ತು ವರ್ಷದ ದಾರಿ ಎನ್ನುತ್ತೀರಿ. ಆದರೆ ಆ ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವರು ನಿಮ್ಮ ಯಜಮಾನರು. ನೀವು ಪಕ್ಕದಲ್ಲಿ ಕೂತು ಮಾತಾಡಿದಿರಿ, ಫೋನ್ ನೋಡಿದಿರಿ, ಕೆಲವೊಮ್ಮೆ ಕಣ್ಣು ಮುಚ್ಚಿದಿರಿ. ದಾರಿಯನ್ನು ಕಲಿಯುವುದು ಅದರ ಮೇಲೆ ಎಷ್ಟು ಸಲ ಓಡಾಡಿದೆವು ಎನ್ನುವುದರಿಂದಲ್ಲ, ಅಲ್ಲಿ ಎಷ್ಟು ಸಲ ನಾವೇ ‘ಈಗ ಎತ್ತ’ ಎಂದು ತೀರ್ಮಾನ ಮಾಡಿದೆವು ಎನ್ನುವುದರಿಂದ.

ಇದನ್ನು ನಂಬಲು ನನ್ನ ಮಾತು ಬೇಡ, ಒಂದು ಬಿಳಿ ಹಾಳೆ ಸಾಕು. ಫೋನ್ ಪಕ್ಕಕ್ಕಿಟ್ಟು, ನಿಮ್ಮ ಮನೆಯಿಂದ ತಂಗಿಯ ಮನೆಗೆ ದಾರಿ ಬರೆಯಿರಿ. ಚಂದ ಬೇಡ, ಗೆರೆ ಮತ್ತು ತಿರುವು ಇದ್ದರಾಯಿತು. ನಿಮ್ಮ ಹಾಳೆಯಲ್ಲಿ ಏನಿರುತ್ತದೆ ಎಂದು ನಾನೇ ಊಹಿಸುತ್ತೇನೆ: ಮನೆಯಿಂದ ಹೊರಟ ಮೊದಲ ಮೂರು ತಿರುವು ಸರಿಯಾಗಿ ಬರುತ್ತದೆ. ತಂಗಿಯ ಮನೆ ಹತ್ತಿರದ ಕೊನೆಯ ಎರಡು ತಿರುವೂ ಬರುತ್ತದೆ. ನಡುವೆ ಒಂದು ಉದ್ದ ಗೆರೆ. ಆ ಗೆರೆಯ ಜಾಗದಲ್ಲಿ ನಿಜಕ್ಕೂ ನಾಲ್ಕಾರು ಸರ್ಕಲ್ಲು, ಒಂದು ಫ್ಲೈಓವರ್, ಎರಡು ಒನ್‌ವೇ ಇರಬಹುದು. ರಸ್ತೆ ಅಗೆದಿದ್ದು ಸರಿಯಾಗಿ ಆ ಗೆರೆಯ ಮಧ್ಯದಲ್ಲಿ. ಇಲ್ಲದ ನಕ್ಷೆಯಲ್ಲಿ ಬಳಸುದಾರಿ ಹುಡುಕಲು ಹೋದಿರಿ, ಸಿಗಲಿಲ್ಲ. ಇದಕ್ಕೆ ಮರೆವು ಎನ್ನಲು ಬರುವುದಿಲ್ಲ, ಏಕೆಂದರೆ ಆ ಭಾಗವನ್ನು ನೀವು ಯಾವತ್ತೂ ಕಲಿತಿರಲೇ ಇಲ್ಲ.

ಮಿದುಳು ದಾರಿಗೆ ಎರಡು ಖಾತೆ ಇಟ್ಟಿರುತ್ತದೆ. ಒಂದು ನಕ್ಷೆಯ ಖಾತೆ, ಇನ್ನೊಂದು ರೂಢಿಯ ಖಾತೆ. ಎಡ್ವರ್ಡ್ ಟೋಲ್ಮನ್ ಎಂಬ ಮನಃಶಾಸ್ತ್ರಜ್ಞರು 1948ರಲ್ಲೇ, ಇಲಿಗಳು ಕೂಡ ಬರೀ ತಿರುವುಗಳನ್ನು ಬಾಯಿಪಾಠ ಮಾಡುವುದಿಲ್ಲ, ಜಾಗದ ಒಂದು ಚಿತ್ರವನ್ನು ತಲೆಯಲ್ಲಿ ಕಟ್ಟಿಕೊಳ್ಳುತ್ತವೆ ಎಂದು ವಾದಿಸಿದ್ದರು. 1971ರಲ್ಲಿ ಜಾನ್ ಓಕೀಫ್ ಅವರು ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ಜೀವಕೋಶಗಳನ್ನು ತೋರಿಸಿದರು. ಅದರ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ಗ್ರಾಫ್ ಹಾಳೆಯ ಹಾಗೆ ಜಾಗವನ್ನು ಅಳೆಯುವ ಕೋಶಗಳಿವೆ ಎಂದು ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ 2005ರಲ್ಲಿ ಕಂಡುಕೊಂಡರು. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಇದು ನಕ್ಷೆಯ ಖಾತೆ. ರೂಢಿಯ ಖಾತೆ ಇರುವುದು ಬೇರೆ ಕಡೆ, ಕಾಡೇಟ್ ಎಂಬಲ್ಲಿ. ‘ಸಿಗ್ನಲ್ ಬಂತು, ಎಡಕ್ಕೆ’ ಎಂಬುದಷ್ಟೇ ಅದಕ್ಕೆ ಗೊತ್ತು. ಯೋಚನೆಯೇ ಬೇಡ, ಕೈ ತಾನಾಗಿ ತಿರುಗುತ್ತದೆ. ರಸ್ತೆ ಮುಚ್ಚಿದ ದಿನ ಮಾತ್ರ ಅದು ಕೈಚೆಲ್ಲುತ್ತದೆ.

ಲಂಡನ್ನಿನ ಟ್ಯಾಕ್ಸಿ ಚಾಲಕರ ಅಧ್ಯಯನ ನೀವು ಎಲ್ಲೋ ಓದಿರಬಹುದು. ಲೈಸೆನ್ಸ್ ಸಿಗಬೇಕಾದರೆ ಅವರು ನಗರದ ನಡುವಿನ ಸುಮಾರು 25,000 ಬೀದಿಗಳನ್ನು ತಲೆಯಲ್ಲಿಟ್ಟುಕೊಳ್ಳಬೇಕು. ಅವರ ಹಿಪೊಕ್ಯಾಂಪಸ್‌ನ ಹಿಂಭಾಗ ಇತರರಿಗಿಂತ ದೊಡ್ಡದಿತ್ತು ಎಂದು 2000ರಲ್ಲಿ ಎಲಿನಾರ್ ಮಗ್ವಾಯರ್ ಅವರ ತಂಡ ವರದಿ ಮಾಡಿತು. ನನಗೆ ಇಷ್ಟವಾದದ್ದು ಅದೇ ತಂಡ 2006ರಲ್ಲಿ ಮಾಡಿದ ಎರಡನೇ ಕೆಲಸ: ಅದೇ ಊರಿನ ಬಸ್ ಚಾಲಕರನ್ನು ಹೋಲಿಸಿ ನೋಡಿದರು. ಅದೇ ಟ್ರಾಫಿಕ್, ಅದೇ ಒತ್ತಡ, ಅಷ್ಟೇ ವರ್ಷದ ಅನುಭವ. ಆದರೆ ಬಸ್ಸಿನವರಲ್ಲಿ ಆ ಬದಲಾವಣೆ ಇರಲಿಲ್ಲ. ಅವರ ದಾರಿ ಗೊತ್ತುಮಾಡಿಟ್ಟದ್ದು, ಹುಡುಕುವ ಕೆಲಸವಿಲ್ಲ. ತಂಗಿ ಮನೆಯ ದಾರಿಯಲ್ಲಿ ನಿಮ್ಮ ಯಜಮಾನರು ಬಸ್ ಚಾಲಕರಿದ್ದ ಹಾಗೆ. ನೀವು ಬಸ್ಸಿನ ಪ್ರಯಾಣಿಕರು. ಆ ಸಂಜೆ ಅವರೇ ಹೋಗಿದ್ದರೂ ಅಗೆದ ರಸ್ತೆಯ ಮುಂದೆ ಸ್ವಲ್ಪ ತಡವರಿಸುತ್ತಿದ್ದರು ಎಂಬುದು ನನ್ನ ಗುಮಾನಿ. ಒಪ್ಪಿಕೊಳ್ಳುತ್ತಿದ್ದರೋ ಇಲ್ಲವೋ, ಅದು ನಿಮಗೆ ಗೊತ್ತು.

‘ಬರೀ 9 ಕಿಲೋಮೀಟರ್’ ಎಂಬ ಮಾತು ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕುಟುಕುತ್ತಿರುವಂತಿದೆ. ದಾರಿ ತಪ್ಪುವುದಕ್ಕೂ ದೂರಕ್ಕೂ ಸಂಬಂಧ ಕಡಿಮೆ. ಹೆದ್ದಾರಿಯಲ್ಲಿ 200 ಕಿಲೋಮೀಟರ್ ಹೋದರೆ ಎತ್ತ ತಿರುಗಬೇಕು ಎಂಬ ಪ್ರಶ್ನೆ ಹತ್ತು ಸಲವೂ ಬರಲಿಕ್ಕಿಲ್ಲ. ಊರೊಳಗೆ 9 ಕಿಲೋಮೀಟರಿಗೆ ಮೂವತ್ತು ಸಲ ಬರಬಹುದು. ಇನ್ನೂ ಒಂದಿದೆ. ದೂರದ ಪ್ರಯಾಣಕ್ಕೆ ಹಿಂದಿನ ರಾತ್ರಿಯೇ ದಾರಿ ನೋಡುತ್ತೇವೆ, ಫೋನ್ ಚಾರ್ಜ್ ಮಾಡುತ್ತೇವೆ, ಬೆಳಕಿರುವಾಗಲೇ ಹೊರಡುತ್ತೇವೆ. ಹತ್ತಿರದ ನೆಂಟರ ಮನೆಗೆ ಹೊರಡುವುದು ಹೇಗೆ? ಸಂಜೆ ಕೆಲಸವೆಲ್ಲ ಮುಗಿಸಿ, ಸುಸ್ತಾದ ಮೇಲೆ, ತಡವಾಯಿತೆಂದು, ಚಪ್ಪಲಿ ಮೆಟ್ಟಿಕೊಂಡೇ. ಹತ್ತಿರ ಅಂದುಕೊಂಡ ದಾರಿಗೆ ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ.

ನನ್ನದೇ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಒಂದು ಭಾನುವಾರ ಅಣ್ಣನ ಮನೆಗೆಂದು ಹೊರಟೆ. ಆಸ್ಪತ್ರೆಗೆ ಹೋಗುವ ದಾರಿ, ಅಣ್ಣನ ಮನೆಗೆ ಹೋಗುವ ದಾರಿ ಮೊದಲ ಎರಡು ಕಿಲೋಮೀಟರ್ ಒಂದೇ. ತಲೆಯಲ್ಲಿ ಯಾವುದೋ ರೋಗಿಯ ವಿಚಾರ ಓಡುತ್ತಿತ್ತು. ವಾಚ್‌ಮನ್ ಸೆಲ್ಯೂಟ್ ಹೊಡೆದು ಗೇಟು ತೆಗೆದಾಗ ಎಚ್ಚರವಾಯಿತು, ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿದ್ದೆ. ‘ಎಮರ್ಜೆನ್ಸಿನಾ ಸಾರ್?’ ಎಂದು ಅವನು ಕೇಳಿದ. ಹೌದು ಎಂದು ಸುಳ್ಳು ಹೇಳಿ ಒಳಗೆ ಹೋಗಿ ಐದು ನಿಮಿಷ ಕೂತು ಬಂದೆ. ಮರೆವಿನ ತಜ್ಞನ ಪಾಡು ಇದು. ರೂಢಿಯ ಖಾತೆ ನಕ್ಷೆಯ ಖಾತೆಯ ಬಾಯಿ ಮುಚ್ಚಿಸಿದಾಗ ಹೀಗಾಗುತ್ತದೆ, ಯಾವ ವಯಸ್ಸಿನವರಿಗೂ ಆಗುತ್ತದೆ.

ಈಗ ಆ ಬಂಕಿನ ವಿಚಾರ. ಮೂರು ಸಲ ಅಲ್ಲಿಗೇ ಬಂದದ್ದು ನಿಮ್ಮ ಮಿದುಳಿನ ತಪ್ಪು ಎಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ, ತಪ್ಪು ಫೋನಿನದ್ದು. ರಸ್ತೆ ಅಗೆದಿರುವ ಸುದ್ದಿ ಆ್ಯಪಿಗೆ ಮುಟ್ಟಿರದಿದ್ದರೆ ಅದರ ಪಾಲಿಗೆ ಆ ರಸ್ತೆ ತೆರೆದೇ ಇರುತ್ತದೆ. ನೀವು ಬೋರ್ಡು ನೋಡಿ ಪಕ್ಕಕ್ಕೆ ತಿರುಗಿದಿರಿ. ಅದು ‘ದಾರಿ ಬಿಟ್ಟರು’ ಎಂದು ಲೆಕ್ಕ ಹಾಕಿ, ಇರುವ ಹತ್ತಿರದ ದಾರಿ ಹುಡುಕಿತು. ಆ ಹತ್ತಿರದ ದಾರಿ ಯಾವುದು? ಅದೇ ಅಗೆದ ರಸ್ತೆ. ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ ಎಂದು ನಿಮ್ಮನ್ನು ಒಂದು ಸುತ್ತು ಹಾಕಿಸಿ ಬಂಕಿನ ಮುಂದೆ ತಂದು ನಿಲ್ಲಿಸಿತು. ನೀವು ಮತ್ತೆ ಪಕ್ಕಕ್ಕೆ ತಿರುಗಿದಿರಿ, ಅದು ಮತ್ತೆ ಸುತ್ತಿಸಿತು. ನೀವು ವಿಧೇಯರಾಗಿ ಅದು ಹೇಳಿದಂತೆ ಕೇಳಿದ್ದೇ ಅಲೆದಾಟಕ್ಕೆ ಕಾರಣ. ಇದಕ್ಕೆ ಮದ್ದು ಸುಲಭ. ಮುಚ್ಚಿದ ರಸ್ತೆಯ ಆಚೆಗೆ, ನಿಮಗೆ ಹೆಸರು ಗೊತ್ತಿರುವ ಒಂದು ಜಾಗವನ್ನು ನಡುವಿನ ನಿಲುಗಡೆಯಾಗಿ ಸೇರಿಸಿ. ಅದು ಆಗದಿದ್ದರೆ ತಂಗಿ ಮನೆಯ ವಿಳಾಸ ಅಳಿಸಿ, ಬೇರೆ ಬದಿಯ ದೊಡ್ಡ ಸರ್ಕಲ್ಲನ್ನೇ ಗುರಿ ಮಾಡಿ ಮೊದಲು ಅಲ್ಲಿಗೆ ಹೋಗಿ. ಆಮೇಲೆ ತಂಗಿ ಮನೆ ಹಾಕಿ.

ಫೋನು ಇನ್ನೂ ಕೆಲವು ಕಡೆ ಎಡವುತ್ತದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಕನಿಷ್ಠ 4 ಉಪಗ್ರಹಗಳ ಸಂಕೇತ ಸಿಕ್ಕರೆ ನೀವಿರುವ ಜಾಗ ಗೊತ್ತಾಗುತ್ತದೆ, ಬಯಲಿನಲ್ಲಾದರೆ ಸುಮಾರು 5 ಮೀಟರ್ ಆಚೀಚೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ತಡವಾಗಿ ಬರುತ್ತದೆ, ಫೋನು ನಿಮ್ಮನ್ನು ಪಕ್ಕದ ಬೀದಿಯಲ್ಲಿ ಕೂರಿಸುತ್ತದೆ. ಫ್ಲೈಓವರ್ ಮೇಲಿದ್ದೀರೋ ಕೆಳಗಿನ ಸರ್ವಿಸ್ ರಸ್ತೆಯಲ್ಲಿದ್ದೀರೋ ಎಂದು ಅದಕ್ಕೆ ಎಷ್ಟೋ ಸಲ ತಿಳಿಯುವುದಿಲ್ಲ. ಕಾರು ನಿಂತಿದ್ದಾಗ ಬಾಣದ ಗುರುತು ಎತ್ತ ಮುಖ ಮಾಡಿದೆ ಎಂಬುದನ್ನಂತೂ ನಂಬಲೇಬೇಡಿ. ಚಲಿಸುವಾಗ ಮಾತ್ರ ಅದಕ್ಕೆ ದಿಕ್ಕು ಸರಿಯಾಗಿ ಗೊತ್ತಾಗುತ್ತದೆ, ನಿಂತಾಗ ಒಳಗಿನ ದಿಕ್ಸೂಚಿಯನ್ನು ನೆಚ್ಚಬೇಕು, ಕಾರಿನ ಕಬ್ಬಿಣದ ನಡುವೆ ಆ ದಿಕ್ಸೂಚಿ ಹುಚ್ಚುಹುಚ್ಚಾಗಿ ಆಡುತ್ತದೆ.

ಸಂಜೆ ಎಂದಿರಿ. ಇದನ್ನು ನಾನು ಸುಮ್ಮನೆ ಬಿಡುವುದಿಲ್ಲ. ಅರವತ್ತರ ಕಣ್ಣಿನ ಒಳಪರದೆಗೆ ಇಪ್ಪತ್ತರ ಕಣ್ಣಿಗೆ ಮುಟ್ಟುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಮುಟ್ಟುತ್ತದೆ. ಪಾಪೆ ಚಿಕ್ಕದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಮೇಲಿಂದ ಪೊರೆ ಶುರುವಾಗಿದ್ದರೆ ಎದುರಿನ ಹೆಡ್‌ಲೈಟಿಗೆ ಬೋರ್ಡೆಲ್ಲ ಮಸುಕು. ಹಗಲಲ್ಲಿ ಕೈಹಿಡಿದು ನಡೆಸುವ ಗುರುತುಗಳು, ಆ ಹಸಿರು ಗೇಟು, ಆ ಮುರಿದ ಗೋಡೆ, ಕತ್ತಲಾದ ಮೇಲೆ ಇರುವುದೇ ಇಲ್ಲ. ಹಾಗಾಗಿ ಮಿದುಳಿನ ಸ್ಕ್ಯಾನಿಗೆ ಓಡುವ ಮೊದಲು ಕಣ್ಣು ತೋರಿಸಿ.

ಆಮೇಲೆ ಗಾಬರಿ. ದಾರಿ ತಪ್ಪಿದೆ ಎಂದು ಗೊತ್ತಾದ ಕೂಡಲೇ ಜನ ರೇಡಿಯೋ ಆರಿಸುವುದನ್ನು ನೋಡಿದ್ದೀರಾ? ಹಾಡಿಗೂ ದಾರಿಗೂ ಏನು ಸಂಬಂಧ ಎಂದು ಮಕ್ಕಳು ನಗುತ್ತಾರೆ. ಗಮನ ಎಂಬುದು ಒಂದೇ ಚೀಲ, ಹಾಡು ತುಂಬಿದಷ್ಟು ಜಾಗ ದಾರಿಗೆ ಕಡಿಮೆ. ಗಾಬರಿ ಆ ಚೀಲದ ಬಾಯನ್ನೇ ಬಿಗಿಯುತ್ತದೆ. ತಂಗಿ ಕಾಯುತ್ತಿದ್ದಾಳೆ, ಮಗನಿಗೆ ಗೊತ್ತಾದರೆ ನಗುತ್ತಾನೆ, ಅಮ್ಮನಿಗೆ ಹೀಗೇ ಆಗಿತ್ತಲ್ಲ — ಇಷ್ಟನ್ನು ಹೊತ್ತುಕೊಂಡು ನೀವು ಮೂರನೇ ಸಲ ಬಂಕಿನವರೆಗೆ ಬಂದಿರಿ. ನಾಚಿಕೆಯಿಂದ ಫೋನ್ ಮಾಡಲಿಲ್ಲ ಎಂದು ಬರೆದಿದ್ದೀರಲ್ಲ, ಆ ಸಂಜೆ ನೀವು ಮಾಡಿದ ತಪ್ಪು ಅದೊಂದೇ.

ಮಗನ ನಗುವಿಗೂ ಒಂದು ಉತ್ತರ ಇದೆ. ಸೀ ಹೀರೋ ಕ್ವೆಸ್ಟ್ ಎಂಬ ಫೋನ್ ಆಟವೊಂದು 2016ರಲ್ಲಿ ಬಂತು. ದೋಣಿ ನಡೆಸಿಕೊಂಡು ದಾರಿ ಹುಡುಕುವ ಆಟ. ಮರೆವಿನ ಕಾಯಿಲೆಯ ಸಂಶೋಧನೆಗೆಂದೇ ಮಾಡಿದ್ದು, ಲಕ್ಷಾಂತರ ಜನ ಆಡಿದರು. ಗಂಡಸರು, ಹೆಂಗಸರ ನಡುವೆ ವ್ಯತ್ಯಾಸವೇನೋ ಕಂಡಿತು. ಆದರೆ ಗಂಡು ಹೆಣ್ಣಿಗೆ ಸಮಾನ ಅವಕಾಶ ಹೆಚ್ಚಿರುವ ದೇಶಗಳಲ್ಲಿ ಆ ವ್ಯತ್ಯಾಸ ಚಿಕ್ಕದು, ಇಲ್ಲದ ಕಡೆ ದೊಡ್ಡದು ಎಂದು 2018ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿತು. ಸ್ಟೇರಿಂಗ್ ಯಾರ ಕೈಯಲ್ಲಿರುತ್ತದೆ ಎಂಬ ನಿಮ್ಮ ಮನೆಯ ಕಥೆಯನ್ನೇ ಅದು ದೇಶದ ಲೆಕ್ಕದಲ್ಲಿ ಹೇಳಿದ ಹಾಗಿದೆ. ಹುಟ್ಟಿನಿಂದಲೇ ದಿಕ್ಕಿನ ಅರಿವು ತೀರಾ ಕಡಿಮೆ ಇರುವ ಜನವೂ ಇದ್ದಾರೆ, ಗಂಡಸರಲ್ಲೂ ಹೆಂಗಸರಲ್ಲೂ. ಉಳಿದೆಲ್ಲದರಲ್ಲಿ ಚುರುಕಾಗಿರುತ್ತಾರೆ, ತಮ್ಮದೇ ಬೀದಿಯಲ್ಲಿ ಕಳೆದುಹೋಗುತ್ತಾರೆ. ವೈದ್ಯಲೋಕ ಅಂಥವರನ್ನು ಗುರುತಿಸಿ ಹೆಸರಿಟ್ಟದ್ದು 2009ರಲ್ಲಿ. ನೀವು ಆ ಗುಂಪಿನವರಾಗಿದ್ದರೆ ಅದು 61ಕ್ಕೆ ಗೊತ್ತಾಗುತ್ತಿರಲಿಲ್ಲ, ಶಾಲೆಗೆ ಹೋಗುವಾಗಲೇ ಗೊತ್ತಾಗಿರುತ್ತಿತ್ತು.

ಇಷ್ಟು ಧೈರ್ಯ ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು, ಮುಚ್ಚಿಡುವುದು ಸರಿಯಲ್ಲ. ಗ್ರಾಫ್ ಹಾಳೆಯ ಕೋಶಗಳಿರುವ ಎಂಟೊರೈನಲ್ ಕಾರ್ಟೆಕ್ಸ್ ಎಂದೆನಲ್ಲ, ಆಲ್ಝೈಮರ್ ಕಾಯಿಲೆ ಮಿದುಳಿನ ಹೊರಪದರದಲ್ಲಿ ಮೊದಮೊದಲು ಹಾನಿ ಮಾಡುವ ಜಾಗಗಳಲ್ಲಿ ಅದೂ ಒಂದು. ಹಾಗಾಗಿ ದಾರಿ ತಪ್ಪುವುದು ಆ ಕಾಯಿಲೆಯ ಬಾಗಿಲಲ್ಲೇ ಕಾಣುವ ಲಕ್ಷಣವಾಗಬಹುದು. ನಿಮ್ಮ ಹೆದರಿಕೆಗೆ ಬುಡವಿಲ್ಲ ಎಂದು ನಾನು ಹೇಳುವುದಿಲ್ಲ.

ಆದರೆ ಆ ತಪ್ಪುವಿಕೆಯ ಚಹರೆ ಬೇರೆ. ರಸ್ತೆ ಅಗೆದಿರುವುದಿಲ್ಲ, ಕತ್ತಲಿರುವುದಿಲ್ಲ, ತಾವೇ ವರ್ಷಗಟ್ಟಲೆ ಓಡಿಸಿದ ದಾರಿಯಾಗಿರುತ್ತದೆ, ಆದರೂ ತಪ್ಪುತ್ತದೆ. ತಮ್ಮ ಬೀದಿಯ ಮೂಲೆಯೇ ಹೊಸದಾಗಿ ಕಾಣುತ್ತದೆ. ಎಲ್ಲಿಗೆ ಹೊರಟೆ ಎಂಬುದೇ ಜಾರಿಹೋಗುತ್ತದೆ. ಬಂಕಿನ ಮುಂದೆ ಐದು ಸಲ ಬಂದರೂ ಪ್ರತಿ ಸಲವೂ ಅದು ಹೊಸ ಬಂಕು. ಎಷ್ಟೋ ಜನ ನಿಲ್ಲಿಸಿ ಕೇಳುವುದೇ ಇಲ್ಲ, ಪೆಟ್ರೋಲ್ ಮುಗಿಯುವವರೆಗೆ ಹೋಗುತ್ತಲೇ ಇರುತ್ತಾರೆ. ಇದರ ಜೊತೆಗೆ ಮನೆಯಲ್ಲಿ ಬೇರೆ ಸಣ್ಣಪುಟ್ಟ ಬದಲಾವಣೆ ಇರುತ್ತದೆ: ಮಾತ್ರೆ ಎರಡು ಸಲ ನುಂಗುವುದು, ಬಿಲ್ಲು ಕಟ್ಟುವುದು ಮರೆಯುವುದು, ಕೇಳಿದ್ದನ್ನೇ ಕೇಳುವುದು, ಕಾರಿನ ಬದಿಯಲ್ಲಿ ಹೇಗಾಯಿತೆಂದು ಗೊತ್ತಿಲ್ಲದ ಹೊಸ ಗೀರು. ಒಂದು ಸಂಜೆಯ ಘಟನೆಗಿಂತ ಆರು ತಿಂಗಳ ಈ ಚಿಲ್ಲರೆ ಸಂಗತಿಗಳು ನನಗೆ ಹೆಚ್ಚು ಹೇಳುತ್ತವೆ. ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ನಿಮ್ಮನ್ನಲ್ಲ, ನಿಮ್ಮ ಯಜಮಾನರನ್ನು ಕೇಳುತ್ತೇನೆ.

ಇದ್ದಕ್ಕಿದ್ದಂತೆ ಆದರೆ ಮಾತೇ ಬೇರೆ. ಒಂದು ಬದಿಯ ವಸ್ತುಗಳು ಕಾಣದಿರುವುದು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಕೈ ಬಲ ಹೋಗುವುದು ಇದ್ದರೆ ಪಾರ್ಶ್ವವಾಯು ಎಂದೇ ಎಣಿಸಿ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ‘ನಾವೆಲ್ಲಿದ್ದೀವಿ’ ಎಂದು ಐದೈದು ನಿಮಿಷಕ್ಕೆ ಕೇಳುತ್ತಾ ಆ ಕೆಲವು ಗಂಟೆಗಳ ನೆನಪೇ ಕೂರದಿದ್ದರೂ ಅಷ್ಟೇ. ಮಾರನೇ ದಿನಕ್ಕೆ ಸರಿಹೋದರೂ ತೋರಿಸಬೇಕು.

ಇವೆರಡೂ ಅಲ್ಲದ, ಸರಿಪಡಿಸಬಹುದಾದ ಕಾರಣಗಳೇ ನನಗೆ ಹೆಚ್ಚು ಆಸಕ್ತಿ. ನೆಗಡಿ, ತುರಿಕೆಗೆ ಅಂಗಡಿಯಿಂದ ತಂದು ನುಂಗುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳು ಅರವತ್ತು ದಾಟಿದವರ ತಲೆಗೆ ಮಂಕು ಹಿಡಿಸುತ್ತವೆ. ನಿದ್ರೆ ಮಾತ್ರೆಯೂ ಹಾಗೆಯೇ, ಮೂತ್ರ ಹಿಡಿದಿಡಲು ಕೊಡುವ ಕೆಲವು ಮಾತ್ರೆಗಳೂ ಹಾಗೆಯೇ. ಕೆಲವು ಬಿಪಿ ಮಾತ್ರೆಗಳಿಂದ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಸಂಜೆ ಹೊತ್ತಿಗೆ ಸಕ್ಕರೆ ಕುಸಿಯುತ್ತದೆ. ಬಿ12 ಕೊರತೆ, ಥೈರಾಯ್ಡ್, ಗೊರಕೆಯ ಜೊತೆ ಉಸಿರು ಕಟ್ಟಿ ನಿದ್ದೆಗೆಡುವುದು, ಮನಸ್ಸಿನ ಕುಗ್ಗು, ತಿಂಗಳ ಹಿಂದೆ ಜಾರಿ ಬಿದ್ದು ತಲೆಗೆ ಪೆಟ್ಟಾಗಿದ್ದು — ಇವೆಲ್ಲ ಪಟ್ಟಿಯಲ್ಲಿವೆ. ಗಂಡನ ಆಪರೇಷನ್ ಆದ ಮನೆಯಲ್ಲಿ ರಾತ್ರಿ ಎದ್ದು ಕೂರುವವರು ಯಾರು ಎಂದು ನಾನು ಕೇಳಬೇಕಿಲ್ಲ. ನಿಮ್ಮ ನಿದ್ದೆ ಎಷ್ಟು ಗಂಟೆ ಎಂದು ಪತ್ರದಲ್ಲಿಲ್ಲ. ನನ್ನೆದುರು ಕೂತಿದ್ದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಅದು.

ಮುಂದೇನು? ಯಜಮಾನರ ಮೊಣಕಾಲು ಕಾರಿನಲ್ಲಿ ಕೂರುವಷ್ಟು ಸುಧಾರಿಸಿದ ಮೇಲೆ, ಒಂದು ರಜೆಯ ದಿನ ಬೆಳಗ್ಗೆ ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ನೀವೇ ಓಡಿಸಿ. ಷರತ್ತು ಒಂದೇ, ಅವರು ಬಾಯಿ ತೆಗೆಯಬಾರದು. ಕಷ್ಟದ ಷರತ್ತು ಎಂದು ಗೊತ್ತು. ಮ್ಯಾಪನ್ನು ಹೊರಡುವ ಮೊದಲು ಮನೆಯಲ್ಲೇ ಪೂರ್ತಿ ದಾರಿ ಕಾಣುವಂತೆ ಚಿಕ್ಕದು ಮಾಡಿ ನೋಡಿ, ಆಮೇಲೆ ಆರಿಸಿ. ಹೋಗುವಾಗ ಪ್ರತಿ ತಿರುವಿನಲ್ಲೂ ಕಾಣುವ ಒಂದು ವಸ್ತುವನ್ನು ಬಾಯಿಬಿಟ್ಟು ಹೇಳಿ: ‘ನೀಲಿ ಟ್ಯಾಂಕಿನ ಹತ್ತಿರ ಬಲಕ್ಕೆ.’ ಸುರಕ್ಷಿತವಾಗಿ ನಿಲ್ಲಿಸಲು ಜಾಗವಿರುವ ಕಡೆ ಒಂದೆರಡು ಸಲ ನಿಂತು ಹಿಂದಿರುಗಿ ನೋಡಿ, ಬರುವಾಗ ಕಾಣುವ ದಾರಿ ಅದು. ಹೋಗುವಾಗ ನೋಡಿದ ರಸ್ತೆಯೂ ಬರುವಾಗ ನೋಡುವ ರಸ್ತೆಯೂ ಕಣ್ಣಿಗೆ ಎರಡು ಬೇರೆ ರಸ್ತೆಗಳೇ. ವಾಪಸು ಬೇಕೆಂದೇ ಬೇರೆ ದಾರಿಯಲ್ಲಿ ಬನ್ನಿ. ಮನೆಗೆ ಬಂದು ಆ ಬಿಳಿ ಹಾಳೆಯ ನಡುವಿನ ಉದ್ದ ಗೆರೆಯನ್ನು ತಿದ್ದಿ. ಇದನ್ನು ಮೂರು ನಾಲ್ಕು ಸಲ ಮಾಡಿದರೆ ದಾರಿ ನಿಮ್ಮದಾಗುತ್ತದೆ.

ಮತ್ತೆ ತಪ್ಪಿದರೆ, ತಪ್ಪುತ್ತದೆ ಎಂದೇ ಇಟ್ಟುಕೊಳ್ಳಿ, ನನ್ನದೊಂದು ನಿಯಮ: ಎರಡು ತಪ್ಪು ತಿರುವಾದರೆ ಮೂರನೆಯದನ್ನು ತೆಗೆದುಕೊಳ್ಳಬಾರದು. ರಸ್ತೆ ಬದಿಯಲ್ಲಲ್ಲ, ಬೆಳಕು ಮತ್ತು ಜನ ಇರುವ ಆವರಣದೊಳಗೆ ಕಾರು ತಿರುಗಿಸಿ, ನಿಲ್ಲಿಸಿ, ಎಂಜಿನ್ ಆರಿಸಿ. ನಿಮ್ಮ ಬಂಕು ಅದಕ್ಕೆ ಹೇಳಿಮಾಡಿಸಿದ ಜಾಗ. ನೀರು ಕುಡಿದು ತಂಗಿಗೆ ಫೋನ್ ಮಾಡಿ. ಅವರಿಗೂ ಒಂದು ಮಾತು ಹೇಳಿಕೊಡಿ. ದಾರಿ ತಪ್ಪಿದವರನ್ನು ‘ಎಲ್ಲಿದ್ದೀಯಾ?’ ಎಂದು ಕೇಳಬಾರದು, ಅದು ಗೊತ್ತಿದ್ದರೆ ಫೋನ್ ಯಾಕೆ ಮಾಡುತ್ತಿದ್ದರು? ‘ಎದುರಿಗೆ ಏನು ಕಾಣ್ತಿದೆ, ಓದಿ ಹೇಳಕ್ಕ’ ಎಂದು ಕೇಳಬೇಕು. ಹತ್ತಿರದವರು ದಾರಿ ಹೇಳುವ ಚಂದವೂ ನಿಮಗೆ ಗೊತ್ತಿರುವುದೇ. ‘ಮೊದಲು ಅಲ್ಲಿ ಒಂದು ಮರ ಇತ್ತಲ್ಲ, ಅಲ್ಲಿ ತಿರುಗು.’ ಕಡಿದು ಹತ್ತು ವರ್ಷವಾದ ಮರ. ಅದರ ಬದಲು ಫೋನಿನಲ್ಲಿ ನೀವಿರುವ ಜಾಗವನ್ನು ತಂಗಿಗೆ ಕಳಿಸುವುದನ್ನು ಮಗನಿಂದ ಇವತ್ತೇ ಕಲಿತುಕೊಳ್ಳಿ. ಕಾರು ಮುಟ್ಟಬೇಡ ಎನ್ನುವುದಕ್ಕಿಂತ ಅವನು ಮಾಡಬಹುದಾದ ಒಳ್ಳೆಯ ಕೆಲಸ ಅದು.

ಕೀಲಿಯ ವಿಷಯದಲ್ಲಿ ಮಗನಿಗೆ ನನ್ನ ಮಾತು. ಓಡಿಸುವುದನ್ನು ಬಿಡಿಸಿದರೆ ಅಮ್ಮ ತಂಗಿಯ ಮನೆಗೆ ಹೋಗುವುದೂ ನಿಲ್ಲುತ್ತದೆ, ಜನರ ಒಡನಾಟ ಕಡಿಮೆಯಾಗುವುದು ಮಿದುಳಿಗೆ ಒಳ್ಳೆಯದಲ್ಲ. ಒಂದು ಸಂಜೆಗಾಗಿ ಕೀಲಿ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಅರ್ಧ ಗಂಟೆ ನೋಡಿ. ಲೇನ್ ಹಿಡಿದು ಹೋಗುತ್ತಾರೆಯೇ, ಸಿಗ್ನಲ್‌ನಲ್ಲಿ ತಡವರಿಸುತ್ತಾರೆಯೇ, ಬ್ರೇಕು ಸರಿಯಾದ ಹೊತ್ತಿಗೆ ಬೀಳುತ್ತದೆಯೇ, ಹಿಂದಿನವರು ಹಾರ್ನ್ ಹೊಡೆಯುವುದು ಜಾಸ್ತಿಯಾಗಿದೆಯೇ. ಹಿಂದಿನ ಸೀಟಿನಲ್ಲಿ ಪುಟ್ಟ ಮಗುವನ್ನು ಒಂಟಿಯಾಗಿ ಕೂರಿಸಿ ಅಮ್ಮನ ಜೊತೆ ಕಳಿಸಲು ನಿಮಗೆ ಧೈರ್ಯವಿದೆಯೇ? ಇಲ್ಲ ಎನ್ನಿಸಿದರೆ ಆಗ ನನ್ನ ಹತ್ತಿರ ಬನ್ನಿ. ಬಿಡಿಸಲೇಬೇಕಾದ ದಿನ ಬಂದರೆ ಆ ಕೆಟ್ಟ ಮಾತನ್ನು ವೈದ್ಯರು ಹೇಳಲಿ, ಮಗ ಹೇಳುವುದು ಬೇಡ.

ಕಣ್ಣಿನ ತಪಾಸಣೆ ಮುಗಿಸಿ, ನಿಮ್ಮ ವೈದ್ಯರ ಹತ್ತಿರ ರಕ್ತ ಪರೀಕ್ಷೆಗೂ ಹತ್ತು ನಿಮಿಷದ ನೆನಪಿನ ಪರೀಕ್ಷೆಗೂ ಹೋಗಿ. ನುಂಗುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ತಂದವುಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಆ ಬಿಳಿ ಹಾಳೆಯನ್ನೂ ತೋರಿಸಿ. ತಾಯಿಗೆ ಕಾಯಿಲೆ ಶುರುವಾದಾಗ ವಯಸ್ಸೆಷ್ಟು ಎಂದು ನೀವು ಬರೆದಿಲ್ಲ. ಹೆತ್ತವರಿಗೆ ಇಳಿವಯಸ್ಸಿನಲ್ಲಿ ಬಂದಿದ್ದರೆ ಮಕ್ಕಳಿಗೆ ಅಪಾಯ ಸ್ವಲ್ಪ ಹೆಚ್ಚುತ್ತದೆ, ಬಂದೇ ಬರುತ್ತದೆ ಎಂದಿಲ್ಲ. 65ಕ್ಕಿಂತ ಮೊದಲೇ ಬಂದಿದ್ದರೆ, ಅಥವಾ ತಲೆಮಾರಿನಿಂದ ತಲೆಮಾರಿಗೆ ಹಾಗೇ ಬಂದಿದ್ದರೆ ನಿಮ್ಮ ವೈದ್ಯರಿಗೆ ಅದು ಗೊತ್ತಿರಬೇಕು. ನಿಮಗೆ ಸರಿಯಾಗಿ ನೆನಪಿಲ್ಲದಿದ್ದರೆ ತಂಗಿಯನ್ನು ಕೇಳಿ. ಫೋನಿನಲ್ಲಿ ಬೇಡ, ಮನೆಗೆ ಹೋದಾಗ ಕೇಳಿ. ಹಗಲಲ್ಲಿ ಹೋಗಿ.